ಸಣ್ಣದನಿಯ ನಕ್ಷೆ

ಫೆಬ್ರವರಿ ೧೨

ಇವಳನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದೆ. ಕತ್ತಿನ ಗಂಟು ತೆಗೆದಿದ್ದಾರೆ. ಕೆಟ್ಟದ್ದೇನಲ್ಲವಂತೆ. ಆದರೆ ಅದು ದನಿಯ ನರಕ್ಕೆ ಅಂಟಿಕೊಂಡಿತ್ತು, ಬಿಡಿಸುವಾಗ ನರಕ್ಕೆ ನೋವಾಗಿದೆ. "ಕೆಲವು ವಾರ ದನಿ ಇರಲ್ಲ. ಆಮೇಲೆ ನಿಧಾನಕ್ಕೆ ಬರುತ್ತೆ. ಬರಬೇಕು" ಎಂದರು ಡಾಕ್ಟರು. ಆ ಕೊನೆಯ 'ಬರಬೇಕು' ನನಗೆ ಹಿಡಿಸಲಿಲ್ಲ.

ದಾರಿಯಲ್ಲಿ ಮಕ್ಕಳು ಬರೆಯುವ ಸ್ಲೇಟು, ಬಳಪ ಕೊಂಡುಕೊಟ್ಟೆ. ಮನೆಗೆ ಬಂದು ಮೊದಲು ಬರೆದದ್ದು, 'ಫ್ಯಾನ್ ನಿಲ್ಲಿಸಿ.' ಆಮೇಲೆ, 'ಮುಖ ಸರಿಮಾಡಿಕೊಳ್ಳಿ. ನಾನಿನ್ನೂ ಇದ್ದೇನೆ.'

ಮದುವೆಗೆ ಮುಂಚಿನಿಂದಲೂ ಇವಳು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವಾಗ ಎಲ್ಲಿ ಬಂದು ನಿಲ್ಲುತ್ತದೆಂದು ಹೇಳುವವಳು. ಆ ದನಿ ಕೇಳುವುದಕ್ಕಾಗಿಯೇ ಎಷ್ಟೋ ಬಸ್ಸು ಬಿಟ್ಟುಕೊಟ್ಟು ಬೆಂಚಿನ ಮೇಲೆ ಕೂತಿದ್ದವನು ನಾನು. ಈಗ ಮನೆಯಲ್ಲಿ ಮಾತಿಲ್ಲ, ಕೊನೆಗೆ ಬಳಪದ ಕಿರುಗುಟ್ಟುವಿಕೆಯೂ ಇಲ್ಲ. ಈಗಿನ ಬಳಪಗಳು ಬಹಳ ಮೆತ್ತಗೆ ಬರುತ್ತವೆ. ದನಿ ಬಾರದೇ ಹೋದರೆ ಏನು ಮಾಡುವುದೆಂದು ನಾನು ಯೋಚಿಸುವುದಿಲ್ಲ.

ಫೆಬ್ರವರಿ ೨೦

ರಜೆ ಮುಗಿಸಿ ಮ್ಯೂಸಿಯಂಗೆ ಹೋದೆ. ನಿರ್ದೇಶಕರು ಕಾಯುತ್ತಿದ್ದರು. ಅವರಿಗೆ ನಾವೆಲ್ಲ ಇಟ್ಟ ಹೆಸರು ನಗಾರಿ. ಪಿಸುಗುಟ್ಟಿದರೂ ಮೂರನೇ ಕೋಣೆಯ ಗುಮಾಸ್ತ ಎದ್ದು ನಿಲ್ಲಬೇಕು, ಅಂಥ ಗಂಟಲು.

"ಜೀರುಂಡೆ ನಕ್ಷೆ ಈ ವರ್ಷ ಅಚ್ಚಿಗೆ ಹೋಗ್ಲೇಬೇಕು. ನಿಮ್ಮ ಸಣ್ಣದನಿ ಇದೆಯೋ ಇಲ್ವೋ? ಈ ಬೇಸಿಗೇಲೂ ಕೇಳದಿದ್ರೆ 'ಅಳಿದಿದೆ' ಅಂತ ಬರೆದುಕೊಟ್ಟುಬಿಡಿ" ಎಂದರು.

ಇಷ್ಟು ಸುಲಭವಾಗಿ ಹೇಳಿಬಿಟ್ಟರು. ನಾನು ಕೆಲಸಕ್ಕೆ ಸೇರಿದಾಗ ಪೆಟ್ಟಿಗೆಗಳಲ್ಲಿ ಆ ಹಸಿರು ಜೀರುಂಡೆಗಳೆಲ್ಲ ಒಂದೇ ಜಾತಿ ಎಂದು ಒಂದೇ ಚೀಟಿಯ ಕೆಳಗೆ ಸೂಜಿ ಚುಚ್ಚಿಸಿಕೊಂಡು ಕೂತಿದ್ದವು. ಮರದ ಕೆಳಗೆ ಕೂತು ಕೇಳಿದವನಿಗೆ ಮಾತ್ರ ಗೊತ್ತು, ಹಾಡು ಎರಡು. ಒಂದು ದಪ್ಪ, ಗರಗಸದ ಹಾಗೆ. ಇನ್ನೊಂದು ಎಷ್ಟು ಸಣ್ಣ, ಎಷ್ಟು ಎತ್ತರವೆಂದರೆ ಹಲ್ಲು ಜುಮ್ಮೆನ್ನುತ್ತದೆ. ಆಮೇಲೆ ಮಸೂರ ಹಿಡಿದು ನೋಡಿದರೆ ಗಂಡುಗಳ ಹೊಟ್ಟೆಯ ಕೆಳಗೆ, ಹಾಡುವ ಗೂಡನ್ನು ಮುಚ್ಚುವ ಎರಡು ಮುಚ್ಚಳಗಳೂ ಬೇರೆ. ದಪ್ಪದನಿಯದರಲ್ಲಿ ಎರಡರ ನಡುವೆ ಸಂದಿ ಇದೆ, ಸಣ್ಣದನಿಯದರಲ್ಲಿ ಒಂದು ಇನ್ನೊಂದರ ಮೇಲೆ ಹತ್ತಿ ಕೂತಿದೆ. ಹೆಣ್ಣುಗಳನ್ನು ನೋಡಿ ಹೇಳಲಾಗದು, ಮರಕ್ಕೆ ಕಚ್ಚಿಸಿ ಬಿಟ್ಟುಹೋದ ಪೊರೆ ನೋಡಿಯೂ ಹೇಳಲಾಗದು. ಹಾಗಾಗಿ ನಮ್ಮ ಲೆಕ್ಕವೆಲ್ಲ ಕಿವಿಯ ಲೆಕ್ಕ. ಸಂಜೆ ಹೋಗಿ ನಿಲ್ಲುವುದು, ಕೇಳಿದರೆ ನಕ್ಷೆಯಲ್ಲಿ ಕೂಡು ಗುರುತು, ಕೇಳದಿದ್ದರೆ ಕಳೆ.

ಕಳೆದ ಕೆಲವು ವರ್ಷಗಳಿಂದ ಕಳೆ ಗುರುತುಗಳೇ ಹೆಚ್ಚುತ್ತಿವೆ. ಮೊದಲು ಕಡಲತೀರದಲ್ಲಿ ಹೋಯಿತು. ಆಮೇಲೆ ಹೆದ್ದಾರಿಯ ಬದಿಯಲ್ಲಿ. ಹೋದ ವರ್ಷ ಕಾಲುವೆ ದಂಡೆಯ ಒಂದು ಭಾಗದಲ್ಲಿ. ಉಪ್ಪುಗಾಳಿಯೋ, ಹೊಗೆಯೋ, ಏನೋ. ಬೇರೆ ಜಾತಿಯೆಂದು ನಾನೇ ತೋರಿಸಿಕೊಟ್ಟದ್ದು, ನನ್ನ ಹೆಸರಿನ ಜೊತೆ ಅಂಟಿಕೊಂಡಿರುವ ಒಂದೇ ಒಂದು ಜೀವ ಅದು. ಅದರ ಮುಂದೆ 'ಅಳಿದಿದೆ' ಎಂದು ನನ್ನ ಕೈಯಾರೆ ಬರೆಯಬೇಕಂತೆ.

"ಸಮೀಕ್ಷೆಗೆ ರೆಕಾರ್ಡರ್ ತಗೊಂಡು ಹೋಗಿ, ಹೊಸದು ಬಂದಿದೆ" ಎಂದರು ನಗಾರಿ.

"ನನ್ನ ಕಿವಿಗಿಂತ ಒಳ್ಳೆ ರೆಕಾರ್ಡರ್ ಇನ್ನೂ ಹುಟ್ಟಿಲ್ಲ ಸಾರ್" ಎಂದೆ. ನಕ್ಕರು. ನಾನೇನೂ ತಮಾಷೆ ಮಾಡಿರಲಿಲ್ಲ.

ಮಾರ್ಚ್ ೪

ಕಾಲುವೆ ದಂಡೆ. ಮರಗಳ ತುಂಬ ಹೊಸ ಪೊರೆಗಳು, ಕೈ ಹಾಕಿದಲ್ಲೆಲ್ಲ ಸಿಗುತ್ತವೆ. ದಪ್ಪದನಿ ಬೇಕಾದಷ್ಟು. ಸಣ್ಣದನಿ ಇಲ್ಲ.

ಮಾರ್ಚ್ ೯

ಇವಳು ಸ್ಲೇಟು ಬಿಟ್ಟುಬಿಟ್ಟಿದ್ದಾಳೆ. ಬರೀ ತುಟಿ ಅಲ್ಲಾಡಿಸುತ್ತಾಳೆ, ಅಲ್ಲೊಂದು ಇಲ್ಲೊಂದು ಅಕ್ಷರ ಗಾಳಿಯಂತೆ ಹೊರಬರುತ್ತದೆ. ನಾನೇ ಒಗಟು ಬಿಡಿಸಿಕೊಳ್ಳಬೇಕು. ಸ್ಲೇಟು ತಂದು ಮುಂದಿಟ್ಟರೆ ಕಣ್ಣು ಕೆಂಪಗೆ ಮಾಡಿದಳು. ಗಂಟಲಿಗೆ ಆಯಾಸ ಮಾಡಿಕೊಳ್ಳಬೇಡ ಮಾರಾಯ್ತಿ, ನಿಧಾನವಾಗಿ ಬರಲಿ ಎಂದು ಬೆನ್ನು ತಟ್ಟಿದೆ. ಕೈ ಕೊಡವಿ ಒಳಗೆ ಹೋದಳು. ಕಾಯಿಲೆಯವರ ಸಿಟ್ಟನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಕೆಟಲ್ ಹಾಳಾಗಿದೆ. ಸೀಟಿ ಹಾಕುವುದೇ ಇಲ್ಲ. ನಾನು ಪಕ್ಕದಲ್ಲೇ ಕೂತು ಪತ್ರಿಕೆ ಓದುತ್ತಿರುವಾಗಲೇ ನೀರೆಲ್ಲ ಆರಿ ತಳ ಸೀದುಹೋಯಿತು.

ಮಾರ್ಚ್ ೧೫

ಡಾಕ್ಟರ ಹತ್ತಿರ ಹೋದೆವು. ಇವಳನ್ನು ಏನೇನೋ ಹೇಳಿಸಿದರು, ಗಂಟಲೊಳಗೆ ಬೆಳಕು ಬಿಟ್ಟು ನೋಡಿದರು. "ಭೇಷ್! ನಾನು ಅಂದ್ಕೊಂಡಿದ್ದಕ್ಕಿಂತ ಬೇಗ" ಎಂದರು. ರೋಗಿಗೆ ಧೈರ್ಯ ತುಂಬುವುದೂ ಅವರ ಕೆಲಸವೇ ತಾನೆ. ಹೊರಗೆ ಬಂದ ಮೇಲೆ ಇವಳು ಮುಖ ಅರಳಿಸಿಕೊಂಡು ನನ್ನನ್ನೇ ನೋಡಿದಳು. ನಾನೂ ನಕ್ಕೆ. ಸುಳ್ಳು ಭರವಸೆಗೆ ಸುಳ್ಳು ನಗು, ಇನ್ನೇನು ಮಾಡಲಿ?

ಮನೆಗೆ ಬಂದ ಮೇಲೆ ನಾದಿನಿ ಫೋನ್ ಮಾಡಿದಳು. ಅಕ್ಕತಂಗಿಯರು ಎಷ್ಟು ಹೊತ್ತು ಮಾತಾಡಿದರೆಂದರೆ ನನಗೆ ಹೊಟ್ಟೆಕಿಚ್ಚೇ ಆಯಿತು. ಇವಳು ಕೈ ಆಡಿಸುತ್ತಾಳೆ, ನಗುತ್ತಾಳೆ, ತಲೆ ಚಚ್ಚಿಕೊಳ್ಳುತ್ತಾಳೆ. ತಂಗಿಗಾದರೆ ಗಂಟಲು ಬಿಚ್ಚುತ್ತದೆ, ಗಂಡನಿಗಾದರೆ ತುಟಿ ಮಾತ್ರ. ನಾನೇನು ತಪ್ಪು ಮಾಡಿದೆನೋ!

ಮಾರ್ಚ್ ೨೪

ಇವಳು ಕೆಲಸಕ್ಕೆ ಹೋಗತೊಡಗಿದಳು! ತಡೆದೆ, ಕೇಳಲಿಲ್ಲ. ಆ ದನಿ ಇಟ್ಟುಕೊಂಡು ಮೈಕಿನ ಮುಂದೆ ಏನು ಮಾಡುತ್ತಾಳೆ? ಬಸ್ ನಿಲ್ದಾಣದ ಮ್ಯಾನೇಜರು ಬಹಳ ದೊಡ್ಡ ಮನಸ್ಸಿನವರಿರಬೇಕು.

ಮಾರ್ಚ್ ೨೬

ಮನಸ್ಸು ತಡೆಯದೆ ಮಧ್ಯಾಹ್ನ ಬಸ್ ನಿಲ್ದಾಣಕ್ಕೆ ಹೋದೆ. ಹಳೆಯ ಬೆಂಚಿನ ಮೇಲೆ ಕೂತೆ. ಲೌಡ್‌ಸ್ಪೀಕರಿನಿಂದ ಏನೋ ಬಂತು, ಬಾಯಿಯೊಳಗೆ ಬಟ್ಟೆ ತುರುಕಿಕೊಂಡು ಮಾತಾಡಿದ ಹಾಗೆ. ಒಂದು ಊರಿನ ಹೆಸರೂ ಅರ್ಥವಾಗಲಿಲ್ಲ. ಆದರೂ ಜನ ಸರಿಯಾದ ಬಸ್ಸಿನ ಕಡೆಗೇ ಹೋಗುತ್ತಿದ್ದರು. ಪಾಪ, ವರ್ಷಗಳ ಅಭ್ಯಾಸ.

ಪಕ್ಕದಲ್ಲಿ ಕೂತಿದ್ದ ಕಂಡಕ್ಟರನ್ನು ಕೇಳಿದೆ, "ಹೇಗಿದೆ ಇವರ ದನಿ ಈಗ?"

"ಮುಂಚಿನ ಹಾಗೇ ಇದೆ ಸಾರ್. ಊಟ ಆದ್ಮೇಲೆ ಒಂದು ಕಣ್ಣು ಮುಚ್ಚೋಣ ಅಂದ್ರೆ ಬಿಡಲ್ಲ" ಎಂದ ಗಟ್ಟಿಯಾಗಿ.

ನಾನು ಅವಳ ಗಂಡ ಎಂದು ಗುರುತು ಹಿಡಿದಿರಬೇಕು. ಜನರಲ್ಲಿ ಇನ್ನೂ ಒಳ್ಳೆಯತನ ಇದೆ.

ಏಪ್ರಿಲ್ ೨

ಕಡಲತೀರ. ಇಲ್ಲ.

ಏಪ್ರಿಲ್ ೩

ಹೆದ್ದಾರಿ ಬದಿಯ ಸಾಲುಮರ. ಇಲ್ಲ. ಈ ವರ್ಷ ಹಕ್ಕಿಗಳೂ ಕಡಿಮೆ. ಬೆಳಗಿನ ಹೊತ್ತು ಕಿಟಕಿ ತೆಗೆದರೆ ಕಾಗೆ ಬಿಟ್ಟು ಬೇರೆ ಗತಿಯಿಲ್ಲ. ಜಗತ್ತು ಒಂದೊಂದೇ ಬಾಗಿಲು ಮುಚ್ಚಿಕೊಳ್ಳುತ್ತಿದೆ.

ಏಪ್ರಿಲ್ ೧೦

ಇಂದು ಜಗಳ. ಇವಳು ಪಾತ್ರೆ ತೊಳೆಯುತ್ತಿದ್ದಳು, ನಾನು ಹಿಂದೆ ಕೂತು ನಕ್ಷೆ ಹರಡಿಕೊಂಡಿದ್ದೆ. ಸ್ವಲ್ಪ ಹೊತ್ತಾದ ಮೇಲೆ ತಟ್ಟನೆ ತಿರುಗಿದಳು. ಕಣ್ಣ ತುಂಬ ನೀರು. ನಾನು ಗಾಬರಿಯಾಗಿ ಎದ್ದು, ಏನಾಯಿತು, ನೋಯುತ್ತಿದೆಯಾ ಎಂದೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಸ್ಲೇಟು ಹುಡುಕಿ ತಂದು, ಬಳಪ ಮುರಿಯುವ ಹಾಗೆ ಬರೆದಳು:

'ನನ್ನ ಈ ದನಿ ನಿಮಗೆ ಇಷ್ಟವಿಲ್ಲದಿದ್ದರೆ ಹಾಗೆಂದು ಹೇಳಿಬಿಡಿ. ಗೋಡೆಗೆ ಹೇಳಿ ಹೇಳಿ ಸಾಕಾಯಿತು.'

ನಾನೂ ಸುಮ್ಮನಿರಲಿಲ್ಲ. "ಗೋಡೆಗಾದರೂ ಹೇಳ್ತೀಯಲ್ಲ, ನನಗೆ ಅದೂ ಇಲ್ಲ! ತಂಗಿ ಜೊತೆ ಗಂಟೆಗಟ್ಟಲೆ ನಗ್ತೀಯ. ನನ್ನ ಹತ್ತಿರ ಒಂದು ಮಾತು ಆಡೋಕೆ ಅಷ್ಟು ಬೇಜಾರಾ?" ಎಂದು ಕೂಗಿದೆ.

ಅವಳು ಬಾಯಿ ತೆರೆದು ಹಾಗೇ ನಿಂತಳು. ಸಿಟ್ಟಿಗಿಂತ ಹೆಚ್ಚಾಗಿ ಅಚ್ಚರಿಯಿತ್ತು ಆ ಮುಖದಲ್ಲಿ. ಯಾಕೆಂದು ತಿಳಿಯಲಿಲ್ಲ.

ಏಪ್ರಿಲ್ ೧೧

ಮಾತಿಲ್ಲ. ಮೊದಲೇನು ಇತ್ತೆಂದು!

ಏಪ್ರಿಲ್ ೧೯

ಸಂಜೆ ಮೇಜಿನ ಮುಂದೆ ಕೂತು ಜೀರುಂಡೆಯ ಮುಚ್ಚಳದ ಚಿತ್ರ ಬರೆಯುತ್ತಿದ್ದೆ. ಎಂದೋ ಒಮ್ಮೆ ತಲೆ ತಿರುಗಿಸಿದರೆ ಇವಳು ಬೆನ್ನಿನ ಹಿಂದೆಯೇ ನಿಂತಿದ್ದಾಳೆ. ಯಾವಾಗ ಬಂದಳೋ! ಕೈಯಲ್ಲಿ ಬೀಗದ ಕೈಗೊಂಚಲು. ಅದನ್ನು ನನ್ನ ಕಿವಿಯ ಹತ್ತಿರ ಹಿಡಿದುಕೊಂಡಿದ್ದಳು, ಯಾಕೋ. ಏನು ಎಂದೆ. ಏನಿಲ್ಲ ಎಂದು ತಲೆಯಾಡಿಸಿ ನನ್ನ ಕೆನ್ನೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಳು. ಮದುವೆಯಾದ ಹೊಸದರಲ್ಲಿ ಹೀಗೆ ಮಾಡುತ್ತಿದ್ದಳು. ನನಗೆ ನಾಚಿಕೆಯೇ ಆಯಿತು, ಆದರೆ ಕೈ ತೆಗೆಯದಿದ್ದರೆ ಸಾಕು ಎನಿಸಿತು.

ಏಪ್ರಿಲ್ ೨೭

ಜಗಳ ಒಳ್ಳೆಯದಕ್ಕೇ ಆಯಿತು. ಇವಳ ಸಿಟ್ಟು ಪೂರ್ತಿ ಇಳಿದಿದೆ, ದನಿಯೂ ಸ್ವಲ್ಪ ಸುಧಾರಿಸಿದೆ! ಈಗ ಏನೇ ಹೇಳುವುದಿದ್ದರೂ ಎದುರಿಗೆ ಬಂದು, ಬೆಳಕಿನ ಕಡೆ ಮುಖ ಮಾಡಿ, ಬಿಡಿಸಿ ಬಿಡಿಸಿ ಹೇಳುತ್ತಾಳೆ. ಅರ್ಧಕ್ಕಿಂತ ಹೆಚ್ಚು ತಿಳಿಯುತ್ತದೆ. ಮೂರು ಸಲ ಏನೋ ಒಂದೇ ಮಾತು ಹೇಳಿದಳು. ನಾನು "ಹೌದು ಹೌದು" ಎಂದೆ. ನಕ್ಕು ಸುಮ್ಮನಾದಳು.

ಮ್ಯೂಸಿಯಂನಲ್ಲಿ ಮಾತ್ರ ಸಂಕಟದ ಕೆಲಸ. ಅಚ್ಚಿಗೆ ಹೋಗುವ ಪುಟದ ಕರಡು ಸಿದ್ಧಮಾಡಿದೆ. 'ಸಣ್ಣದನಿ ಜೀರುಂಡೆ. ಹಿಂದೆ ಕಡಲತೀರದಿಂದ ಬೆಟ್ಟದ ಬುಡದವರೆಗೆ. ಈಗ ಅಳಿದಿದೆ.' ಪೆನ್ನು ಕೆಳಗಿಟ್ಟು, ಆ ಪೆಟ್ಟಿಗೆ ತೆಗೆದು, ನಾನೇ ಮೊದಲು ಹಿಡಿದ ಗಂಡನ್ನು ನೋಡುತ್ತಾ ಕೂತೆ. ರೆಕ್ಕೆ ಇನ್ನೂ ತಿಳಿಯಾಗಿದೆ. ಉಳಿದಿರುವುದು ಬೆಟ್ಟದ ತೋಪು ಒಂದೇ. ಅಲ್ಲಿ ಗಾಳಿಯ ಸದ್ದೂ ಇಲ್ಲ, ಹೋದ ವರ್ಷವೂ ಕ್ಷೀಣವಾಗಿ ಕೇಳಿತ್ತು. ಅಲ್ಲೂ ಇಲ್ಲವಾದರೆ ಸಹಿ ಹಾಕುತ್ತೇನೆ.

ಮೇ ೪

"ಬೆಟ್ಟಕ್ಕೆ ನಾನೂ ಬರ್ತೀನಿ. ರಜಾ ಹಾಕಿದೀನಿ" ಎಂದಳು ಇವಳು.

ಇಷ್ಟು ವರ್ಷದಲ್ಲಿ ಒಮ್ಮೆಯೂ ಬಂದವಳಲ್ಲ. ಹುಳು ಎಂದರೆ ಮೂಗು ಮುರಿಯುವವಳು. "ಅಲ್ಲಿ ಕೂರೋಕೆ ಕುರ್ಚಿ ಇರಲ್ಲ" ಎಂದು ಹೆದರಿಸಿದೆ. ಹೆದರಲಿಲ್ಲ.

ಮೇ ೯

ಎಲ್ಲವನ್ನೂ ಬರೆಯಬೇಕು, ಬರೆಯಲು ಕೈ ಬರುತ್ತಿಲ್ಲ.

ಸಂಜೆಗೆ ಮುಂಚೆಯೇ ತೋಪು ತಲುಪಿದೆವು. ಇವಳು ಏದುಸಿರು ಬಿಡುತ್ತಾ ಒಂದು ಬೇರಿನ ಮೇಲೆ ಕೂತಳು. ಬಿಸಿಲು ಇಳಿಯುತ್ತಿದ್ದಂತೆ ದಪ್ಪದನಿಗಳು ಶುರುಮಾಡಿದವು, ಮೊದಲೊಂದು, ಆಮೇಲೆ ತೋಪಿಗೆ ತೋಪೇ. ನಾನು ಮೈಯೆಲ್ಲ ಕಿವಿಯಾಗಿ ನಿಂತೆ. ಅವು ನಿಲ್ಲಿಸಿದಾಗ ಹಿಂದಿನಿಂದ ಆ ಸಣ್ಣ ಎಳೆ ಕೇಳಬೇಕು. ನಿಲ್ಲಿಸಿದವು. ಏನೂ ಇಲ್ಲ. ಮತ್ತೆ ಕಾದೆ. ಮತ್ತೆ ಏನೂ ಇಲ್ಲ. ಚೀಲದಿಂದ ಪೆನ್ಸಿಲು ತೆಗೆದು ಕೊನೆಯ ಕಳೆ ಗುರುತು ಹಾಕಿದೆ. ಇವಳ ಕಡೆ ತಿರುಗಿ, "ಮುಗೀತು, ನಡಿ ಹೋಗೋಣ" ಎಂದೆ.

ಅವಳು ಏಳಲಿಲ್ಲ. ಎರಡೂ ಕಿವಿಗೆ ಬೆರಳಿಟ್ಟುಕೊಂಡು ಮುಖ ಕಿವುಚಿದ್ದಳು.

"ಏನಾಯ್ತು?"

ಕೈಹಿಡಿದು ನನ್ನನ್ನು ಪಕ್ಕಕ್ಕೆ ಎಳೆದುಕೊಂಡಳು. ಕಿವಿಗೇ ಬಾಯಿಟ್ಟು ಹೇಳಿದಳು. "ಇಷ್ಟು ಸಣ್ಣಕ್ಕೆ, ತಲೆ ಚಿಟ್ಟು ಹಿಡಿಯೋ ಹಾಗೆ ಕಿರುಚ್ತಿದೆಯಲ್ಲ, ಇದು ಯಾವುದು?"

"ಯಾವುದು? ಎಲ್ಲಿ?"

ಅವಳು ಬಾಯಿಂದ ಹೇಳುವುದು ಬಿಟ್ಟು ನನ್ನ ಅಂಗೈ ಬಿಡಿಸಿ ಅದರ ಮೇಲೆ ಬೆರಳಿಂದ ತಟ್ಟತೊಡಗಿದಳು. ಚಿಕ್ಕದು, ಚಿಕ್ಕದು, ಚಿಕ್ಕದು, ಆಮೇಲೆ ಉಗುರಿಂದ ಒಂದು ಉದ್ದನೆಯ ಗೆರೆ. ಸ್ವಲ್ಪ ಬಿಡುವು. ಮತ್ತೆ ಅದೇ. ಅದು ಸಣ್ಣದನಿಯ ಹಾಡಿನ ನಡೆ. ಮ್ಯೂಸಿಯಂನ ಹೊರಗೆ ಯಾರಿಗೂ ಗೊತ್ತಿಲ್ಲದ್ದು. ಮನೆಯಲ್ಲಿ ನಾನು ಎಂದೂ ಹೇಳಿದವನಲ್ಲ, ಹೇಳಿದರೂ ಇವಳು ಕೇಳುತ್ತಿರಲಿಲ್ಲ.

ಅವಳು ತಲೆಯ ಮೇಲಿನ ಕೊಂಬೆಯತ್ತ ಬೆರಳು ತೋರಿಸಿದಳು. ಹಸಿರೆಲೆಯ ಮರೆಯಲ್ಲಿ ಅದೇ ಹಸಿರಿನ ಒಂದು ಗಂಡು. ಇಷ್ಟು ವರ್ಷದ ಕೈಚಳಕ ಕೈಬಿಡಲಿಲ್ಲ, ಹಿಡಿದೆ. ಮಗುಚಿ ಮಸೂರ ಹಿಡಿದು ನೋಡಿದೆ. ಒಂದು ಮುಚ್ಚಳ ಇನ್ನೊಂದರ ಮೇಲೆ ಹತ್ತಿ ಕೂತಿತ್ತು.

ಹಿಡಿದ ಜೀರುಂಡೆ ಸುಮ್ಮನಿರುವುದಿಲ್ಲ, ಪ್ರಾಣ ಹೋಗುವಂತೆ ಕೂಗುತ್ತದೆ. ನನ್ನ ಬೆರಳುಗಳ ನಡುವೆ ಅದರ ಮೈಯೆಲ್ಲ ಅದುರುತ್ತಿತ್ತು, ಆ ನಡುಕ ಮೊಣಕೈವರೆಗೂ ಬರುತ್ತಿತ್ತು. "ಕಿವಿ ಕಿತ್ತುಹೋಗ್ತಿದೆ, ಬಿಡ್ರೀ ಅದನ್ನ!" ಎಂದು ಇವಳು ಕಿವಿ ಮುಚ್ಚಿಕೊಂಡು ದೂರ ಸರಿದಳು. ನಾನು ಅದನ್ನು ಕಿವಿಗೆ ಹತ್ತಿರ ತಂದೆ. ಇನ್ನೂ ಹತ್ತಿರ ತಂದೆ. ಅದರ ಕಾಲು ನನ್ನ ಕಿವಿಯ ಹಾಲೆಗೆ ತಾಗಿತು.

ಏನೂ ಇರಲಿಲ್ಲ.

ಬಿಟ್ಟುಬಿಟ್ಟೆ. ಹಾರಿಹೋಯಿತು. ನಾನು ಆ ಬೇರಿನ ಮೇಲೆಯೇ ಕುಸಿದು ಕೂತೆ. ಅದು ಇದೆಯೆಂಬ ಸಂತೋಷವೋ, ನನಗೆ ಇನ್ನಿಲ್ಲವೆಂಬ ದುಃಖವೋ, ಅಳು ಬಂತು, ಅತ್ತೆ. ಇವಳು ಬಂದು ನನ್ನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಳು. ಏನೋ ಹೇಳುತ್ತಲೇ ಇದ್ದಳು. ಮಾತು ತಿಳಿಯಲಿಲ್ಲ, ಅವಳ ಹೊಟ್ಟೆಯ ಅದುರುವಿಕೆ ಕೆನ್ನೆಗೆ ತಿಳಿಯುತ್ತಿತ್ತು.

ಮೇ ೧೦

"ನಿನಗೆ ಮೊದಲೇ ಗೊತ್ತಿತ್ತಾ?" ಎಂದೆ.

"ಜಗಳ ಆಡಿದ ದಿನ ಅನುಮಾನ ಬಂತು. ಆಮೇಲೆ ಬೀಗದ ಕೈ ಅಲ್ಲಾಡಿಸಿ ನೋಡಿದೆ."

"ಹೇಳಬಾರದಿತ್ತಾ?"

"ಎದುರಿಗೇ ನಿಂತು ಮೂರು ಸಲ ಹೇಳಿದೆ. ನೀವು ಹೌದು ಹೌದು ಅಂದ್ರಿ. ಸರಿ, ನಿಮಗೆ ನಿಮ್ಮ ಹುಳಾನೇ ಹೇಳಲಿ ಅಂತ ಬಂದೆ."

ಮೇ ೧೪

ಬೆಳಿಗ್ಗೆ ಕಿವಿ ಡಾಕ್ಟರು. ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎಂದರು. ಆಮೇಲೆ ಗೆರೆಯ ಹಾಳೆ ತೋರಿಸಿದರು. ದಪ್ಪ ಸದ್ದಿನ ಕಡೆ ನೆಟ್ಟಗಿರುವ ಗೆರೆ, ಸಣ್ಣ ಸದ್ದಿನ ಕಡೆ ಬರುತ್ತಾ ಕೆಳಗೆ ಬಿದ್ದುಹೋಗಿದೆ. "ಇದು ವರ್ಷಗಳಿಂದ ಆಗ್ತಾ ಬಂದಿರೋದು. ಯಂತ್ರ ಹಾಕಿದ್ರೆ ಮಾತು ಚೆನ್ನಾಗಿ ತಿಳಿಯುತ್ತೆ. ತೀರಾ ಮೇಲಿನ ದನಿಗಳು ಕಷ್ಟ" ಎಂದರು. ಅಂದರೆ ಸಣ್ಣದನಿ ನನಗೆ ಮತ್ತೆ ಕೇಳುವುದಿಲ್ಲ.

ಅಲ್ಲಿಂದ ನೇರ ನಗಾರಿಯ ಕೋಣೆಗೆ ಹೋದೆ. ನಕ್ಷೆಯನ್ನು ಮೇಜಿನ ಮೇಲೆ ಹರಡಿದೆ. "ಸಾರ್, ಕಡಲತೀರದಲ್ಲಿ ಅಲೆಯ ಸದ್ದು. ಅದಕ್ಕೇ ಅಲ್ಲಿ ಮೊದಲು ಹೋಯ್ತು. ಆಮೇಲೆ ಹೆದ್ದಾರಿ, ಲಾರಿಗಳ ಸದ್ದು. ಆಮೇಲೆ ಕಾಲುವೆ ನೀರಿನ ಸದ್ದು. ನಿಶ್ಶಬ್ದದ ಬೆಟ್ಟದಲ್ಲಿ ಕೊನೆಗೆ. ಇದು ಹುಳದ ನಕ್ಷೆ ಅಲ್ಲ ಸಾರ್. ನನ್ನ ಕಿವಿಯದು."

ಅವರು ಬಹಳ ಹೊತ್ತು ನಕ್ಷೆ ನೋಡಿದರು. ಬೈಯುತ್ತಾರೆಂದುಕೊಂಡೆ. "ಹಾಗಾದ್ರೆ ಇದೆ ಅಂತೀರಿ" ಎಂದರು, ಅವರ ಮಟ್ಟಿಗೆ ಬಹಳ ಮೆತ್ತಗೆ.

"ಇದೆ ಸಾರ್. ಎಲ್ಲೆಲ್ಲಿ ಅಂತ ಗೊತ್ತಿಲ್ಲ."

ಕಳೆ ಗುರುತುಗಳನ್ನೆಲ್ಲ ಅವರೆದುರೇ ರಬ್ಬರಿನಿಂದ ಅಳಿಸಿ ಖಾಲಿ ಬಿಟ್ಟೆ. ನಕ್ಷೆ ಈ ವರ್ಷ ಅಚ್ಚಿಗೆ ಹೋಗುವುದಿಲ್ಲ. ಮುಂದಿನ ಬೇಸಿಗೆಯ ಸಮೀಕ್ಷೆಗೆ ರೆಕಾರ್ಡರ್ ಒಂದು, ಇವಳು ಒಬ್ಬಳು. ಹುಳು ಅಂದರೆ ಈಗಲೂ ಮೂಗು ಮುರಿಯುತ್ತಾಳೆ, ಆದರೆ ಕಡಲತೀರಕ್ಕೆ ಹೋಗುವುದಾದರೆ ಬರುತ್ತಾಳಂತೆ.

ಮೇ ೧೭

ಯಂತ್ರ ಬರಲು ಇನ್ನೂ ಕೆಲವು ದಿನ ಬೇಕು. ಬೆಳಿಗ್ಗೆ ಕಿಟಕಿಯ ಬಳಿ ಇಬ್ಬರೂ ಕೂತಿದ್ದೆವು. ನನ್ನ ತಲೆಯಲ್ಲಿ ಬೆಟ್ಟದಿಂದ ಇಳಿದಾಗಿನಿಂದ ಒಂದೇ ಪ್ರಶ್ನೆ ಕೊರೆಯುತ್ತಿತ್ತು, ಕೇಳಲು ಹೆದರಿಕೆ. ಕೊನೆಗೆ ಕೇಳಿಯೇಬಿಟ್ಟೆ.

"ನಿನ್ನ ದನಿ ಯಾವಾಗ ಬಂತು?"

"ಮಾರ್ಚಿನಲ್ಲೇ ಬಂತಲ್ಲ."

"ಮೊದಲು ಏನು ಹೇಳಿದೆ?"

ಅವಳು ಕಿಟಕಿಯಾಚೆ ನೋಡಿದಳು. ಆಮೇಲೆ ನೆನಪಾಗಿ ನನ್ನ ಕಡೆಗೆ ತಿರುಗಿ, ತುಟಿ ಕಾಣುವಂತೆ ನಿಧಾನವಾಗಿ ಹೇಳಿದಳು. "ಬೆಳಿಗ್ಗೆ ಎದ್ದು ಕೆಮ್ಮಿದಾಗ ದನಿ ಬಂದ ಹಾಗಾಯ್ತು. ಓಡಿಬಂದೆ. ನೀವು ಆ ಕಡೆ ಮುಖ ಮಾಡ್ಕೊಂಡು ಶೂ ಕಟ್ತಾ ಇದ್ರಿ. ಬಾಗಿಲ ಹತ್ರ ನಿಂತು, 'ರೀ, ಬಂತು' ಅಂದೆ. ಇನ್ನೊಂದ್ಸಲ ಅಂದೆ. ನೀವು ಎದ್ದು ಬಾಗಿಲು ಹಾಕ್ಕೊಂಡು ಹೋದ್ರಿ. ನಾನು ಅಡುಗೆಮನೆಗೆ ಹೋಗಿ ಬಸ್ಸುಗಳ ಹೆಸರೆಲ್ಲ ಒಬ್ಬಳೇ ಹೇಳ್ಕೊಂಡು ಕೂತೆ."

ಅವಳೇ ನನ್ನ ಮಂಡಿ ತಟ್ಟಿ, ಹೋಗಲಿ ಬಿಡಿ ಎಂದಳು.

"ಹೋಗಲಿ ಅಲ್ಲ. ಈಗ ಹೇಳು" ಎಂದೆ.

"ಏನನ್ನ?"

"ಅದನ್ನೇ. ಆವತ್ತು ಹೇಳಿದ ಹಾಗೇ."

"ಹುಚ್ಚು!" ಎಂದು ನಕ್ಕಳು. ನಾನು ಕುರ್ಚಿ ತಿರುಗಿಸಿ ಅವಳಿಗೆ ಬೆನ್ನು ಮಾಡಿ ಕೂತೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಹೆಗಲ ಮೇಲೆ ಅವಳ ಕೈ ಬಿತ್ತು, ಕಿವಿಗೆ ಬಿಸಿಯುಸಿರು ತಾಗಿತು.

"ರೀ, ಬಂತು."

"ಬಂತಾ!" ಎಂದು ಕುರ್ಚಿ ಬೀಳುವ ಹಾಗೆ ಎದ್ದು ನಿಂತೆ. "ಅಯ್ಯೋ, ಬಂದೇಬಿಡ್ತಾ! ಎಲ್ಲಿ, ಇನ್ನೊಂದ್ಸಲ ಹೇಳು!"

ಅವಳು ಹೇಳಿದಳು.